ಪುಟದ ಲೆಕ್ಕ, ಹೊತ್ತಿನ ಲೆಕ್ಕ

ಟೈಪ್‌ರೈಟರಿಗೆ ಒಂದು ಸಲಕ್ಕೆ ಎಷ್ಟು ಹಾಳೆ ಏರಿಸಬಹುದು ಎಂಬ ಪ್ರಶ್ನೆಗೆ ಬೆಂಗಳೂರಿನ ಕೋರ್ಟುಗಳ ಸುತ್ತಲಿನ ಟೈಪಿಸ್ಟರಲ್ಲಿ ಬಹುಮಟ್ಟಿಗೆ ಒಂದೇ ಉತ್ತರವಿತ್ತು. ಮೇಲೊಂದು ದಪ್ಪ ಹಾಳೆ, ಅಡಿಗೆ ನಾಲ್ಕು ತೆಳುಹಾಳೆ, ನಡುನಡುವೆ ಕಾರ್ಬನ್. ಕೊನೆಯದರಲ್ಲಿ ಅಕ್ಷರ ಆಗಲೇ ಮಸುಕು. ಇನ್ನೂ ಪ್ರತಿ ಬೇಕೆಂದರೆ ಮೊದಲಿನಿಂದ ಮತ್ತೊಮ್ಮೆ ಹೊಡೆಯಬೇಕು, ಅದಕ್ಕೆ ಬೇರೆ ದುಡ್ಡು. ಏಳು ಮಂದಿ ಪ್ರತಿವಾದಿಗಳಿರುವ ಪಾಲು ವಿಭಾಗದ ದಾವೆ ಹಿಡಿದು ಬಂದ ವಕೀಲರ ಗುಮಾಸ್ತ ಚೌಕಾಸಿಗೆ ನಿಂತರೆ ಟೈಪಿಸ್ಟ್ ವಾದಕ್ಕೇ ಇಳಿಯುತ್ತಿರಲಿಲ್ಲ. ಕಡೆಯ ಪ್ರತಿ ಎಳೆದು ಬೆಳಕಿಗೆ ಹಿಡಿದು, “ನೀವೇ ಓದಿ ಸಾರ್” ಎನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಇವರು ಕೋರ್ಟಿನ ನೌಕರರಲ್ಲ. ನ್ಯಾಯಾಧೀಶರ ಪಕ್ಕ ಕೂತು ಉಕ್ತಲೇಖನ ಬರೆದುಕೊಳ್ಳುವ ಸ್ಟೆನೋಗಳಿಗೆ ಸರ್ಕಾರಿ ಸಂಬಳ, ರಜೆ, ಪಿಂಚಣಿ ಇತ್ತು. ಹೊರಗಿನವರದು ಬೇರೆ ಬದುಕು. ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ಕೋರ್ಟಿನ ಆಸುಪಾಸು, ಕಬ್ಬನ್‌ಪೇಟೆ ಮತ್ತು ಅವೆನ್ಯೂ ರಸ್ತೆಯ ಗಲ್ಲಿಗಳಲ್ಲಿ ಒಂದು ಮೇಜು, ಒಂದು ಸ್ಟೂಲು, ಒಂದು ರೆಮಿಂಗ್ಟನ್ನೋ ಹಾಲ್ಡಾವೋ ಇಟ್ಟುಕೊಂಡವರು. 1955ರಲ್ಲಿ ತಯಾರಿಕೆ ಶುರುಮಾಡಿದ ಗೋದ್ರೆಜ್ ಯಂತ್ರವೂ ಅಲ್ಲಿ ಸಾಕಷ್ಟು ಇತ್ತು. ಸೀನಿಯರ್ ಟೈಪಿಂಗ್ ಪಾಸು ಮಾಡಿ, ಶಾರ್ಟ್‌ಹ್ಯಾಂಡೂ ಕಲಿತು, ಸರ್ಕಾರಿ ನೌಕರಿಯ ಕರೆ ಬಾರದೆ ಕಾದು ಕೂತವರು ಕೆಲವರು; ನಿವೃತ್ತಿಯ ನಂತರ ಮನೆಯಲ್ಲಿ ಹೊತ್ತು ಹೋಗದೆ ಬಂದವರು ಕೆಲವರು.

ಅವರ ದಿನಚರಿಯನ್ನು ಕಂಡವರಿಗೆ ಒಂದು ಸಂಗತಿ ನೆನಪಿರುತ್ತದೆ. ಬೆಳಿಗ್ಗೆ ಹತ್ತಕ್ಕೆ ನೂಕುನುಗ್ಗಲು, ಕಲಾಪ ಶುರುವಾದ ಮೇಲೆ ನಿಶ್ಶಬ್ದ, ಸಂಜೆ ಮತ್ತೆ ಗಲಾಟೆ, ರಾತ್ರಿ ಎಂಟಕ್ಕೆ ಯಂತ್ರಕ್ಕೆ ರೆಕ್ಸಿನ್ ಹೊದಿಕೆ. ಎಂಟರ ನಂತರ ಬಂದವರಿಗೆ “ನಾಳೆ ಬೆಳಿಗ್ಗೆ” ಎಂಬುದೇ ಉತ್ತರ. ಅದನ್ನು ಯಾರೂ ಸೊಕ್ಕು ಎಂದುಕೊಳ್ಳುತ್ತಿರಲಿಲ್ಲ. ಪುಟದ ನಡುವೆ ಒಂದು ಸಾಲು ಸೇರಿಸಬೇಕೆಂದರೆ ಪುಟವನ್ನೇ ಮತ್ತೆ ಹೊಡೆಯಬೇಕು ಎಂಬುದು ವಕೀಲರಿಗೂ ಗೊತ್ತಿತ್ತು. ಹಾಗಾಗಿ ಕರಡು ಕೊಡುವ ಮುಂಚೆಯೇ ಅವರು ಎರಡು ಸಲ ಯೋಚಿಸುತ್ತಿದ್ದರು. ಕನ್ನಡದ ಯಂತ್ರದಲ್ಲಿ ಒತ್ತಕ್ಷರ, ದೀರ್ಘ, ಗುಣಿತಕ್ಕೆಲ್ಲ ಬೇರೆ ಬೇರೆ ಕೀಲಿ. ಒಂದೇ ಅಕ್ಷರಕ್ಕೆ ಮೂರು ಸಲ ಬೆರಳು ಬೀಳಬೇಕು. ಕನ್ನಡದ ಪುಟಕ್ಕೆ ದರ ಹೆಚ್ಚೇಕೆ ಎಂದು ಕೇಳಿದವರನ್ನು ಒಬ್ಬ ಹಿರಿಯ ಟೈಪಿಸ್ಟ್ ತನ್ನ ಸ್ಟೂಲಿನ ಮೇಲೇ ಕೂರಿಸಿ, “ಎಲ್ಲಿ, ‘ರಾಷ್ಟ್ರೀಕೃತ’ ಅಂತ ಹೊಡೀರಿ ನೋಡೋಣ” ಎನ್ನುತ್ತಿದ್ದರು.

ಎಷ್ಟು ಕೆಲಸ, ಯಾವ ಹೊತ್ತಿನವರೆಗೆ, ಯಾವುದಕ್ಕೆ ಎಷ್ಟು ಎಂಬ ಗೆರೆಯನ್ನು ಆ ಕಾಲದಲ್ಲಿ ಹಾಕುತ್ತಿದ್ದುದು ಯಂತ್ರ. ಯಂತ್ರ ಬದಲಾದಾಗ ಆ ಗೆರೆ ಸದ್ದಿಲ್ಲದೆ ಅಳಿಸಿಹೋಯಿತು. ಅದನ್ನು ಬಾಯಿಬಿಟ್ಟು ಹೇಳಿ ಮತ್ತೆ ಎಳೆಯಲು ಈ ಕಸುಬಿನವರಿಗೆ ಹದಿನೈದು ವರ್ಷದ ಮೇಲೆ ಹಿಡಿಯಿತು.

ಕಂಪ್ಯೂಟರ್ ಬಂದ ಹೊಸದರಲ್ಲಿ ಎಲ್ಲರಿಗೂ ಖುಷಿ. ತಪ್ಪಾದರೆ ಬಿಳಿ ಬಣ್ಣ ಹಚ್ಚಿ ಆರಲು ಕಾಯಬೇಕಿಲ್ಲ, ಬೆರಳಿಗೆ ಕಾರ್ಬನ್ ಮಸಿಯಿಲ್ಲ. ಆದರೆ ವಕೀಲರ ಬಾಯಲ್ಲಿ ಹೊಸ ಮಾತೊಂದು ಹುಟ್ಟಿಕೊಂಡಿತು: “ಬರೀ ಒಂದು ಲೈನ್ ಸೇರಿಸಿಬಿಡಿ.” ಒಂದು ಸಾಲು ಒಂದು ಪ್ಯಾರಾ ಆಯಿತು, ಪ್ಯಾರಾ ಅಲ್ಲಿಂದ ಇಲ್ಲಿಗೆ ಜಿಗಿಯಿತು, ನಾಲ್ಕನೇ ಪ್ರಿಂಟಿನಲ್ಲಿ ಮೊದಲಿನಂತೆಯೇ ಇರಲಿ ಎಂದಾಯಿತು. ದುಡ್ಡು ಮಾತ್ರ ಹಳೆಯ ಲೆಕ್ಕದಲ್ಲೇ, ಪುಟಕ್ಕೆ ಇಷ್ಟು. ಹತ್ತು ಪುಟದ ಅರ್ಜಿಗೆ ಮೂರು ಸಂಜೆ ಕೂತವರಿಗೂ ಹತ್ತೇ ಪುಟದ ಕಾಸು.

ಕನ್ನಡಕ್ಕೆ ಇನ್ನೊಂದು ತಾಪತ್ರಯ. ಬರಹ, ಆಮೇಲೆ ನುಡಿ ಬಂದವು. ಈ ಅಂಗಡಿಯಲ್ಲಿ ನುಡಿಯಲ್ಲಿ ಹೊಡೆದ ಕಡತವನ್ನು ವಕೀಲರ ಕಚೇರಿಯ ಕಂಪ್ಯೂಟರಿನಲ್ಲಿ ತೆರೆದರೆ ಅದೇ ಫಾಂಟ್ ಇಲ್ಲದೆ ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಟೊಪ್ಪಿಗೆ ಹಾಕಿಕೊಂಡ ಸ್ವರಗಳು. “ನಿಮ್ಮ ಫೈಲೇ ಕೆಟ್ಟಿದೆ” ಎಂದು ಫೋನು. ಹೋಗಿ ಫಾಂಟ್ ಹಾಕಿಕೊಟ್ಟು ಬರುವುದೂ ಟೈಪಿಸ್ಟನ ತಲೆಗೇ ಬಂತು. ಕೂಲಿಯಿಲ್ಲದ ಹೊಸ ಕೆಲಸ ಹೀಗೆಯೇ ಒಂದೊಂದಾಗಿ ಬಂದು ಸೇರಿಕೊಂಡಿದ್ದು.

ಅಷ್ಟರಲ್ಲಿ ಕಾನೂನೇ ಬದಲಾಯಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿ 2002ರ ಜುಲೈ 1ರಿಂದ ಜಾರಿಗೆ ಬಂತು. ಸಾಕ್ಷಿಯ ಮುಖ್ಯ ವಿಚಾರಣೆ ಪ್ರಮಾಣಪತ್ರದ ಮೂಲಕ. ಪಾಟೀ ಸವಾಲನ್ನು ನ್ಯಾಯಾಲಯವೇ ದಾಖಲಿಸಬಹುದು, ಇಲ್ಲವೆ ಅದಕ್ಕಾಗಿ ನೇಮಿಸಿದ ಕಮಿಷನರ್ ದಾಖಲಿಸಬಹುದು ಎಂದಾಯಿತು. ಕಮಿಷನರ್ ಎಂದರೆ ಸಾಮಾನ್ಯವಾಗಿ ಒಬ್ಬ ವಕೀಲರು. ಅವರಿಗೆ ಸ್ಟೆನೋ ಎಲ್ಲಿಂದ ಬರಬೇಕು? ಕೆಂಪೇಗೌಡ ರಸ್ತೆಯ ಅಂಗಡಿಗಳಿಂದಲೇ. ಅರ್ಜಿ ಹೊಡೆದುಕೊಡುತ್ತಿದ್ದವರು ಹೀಗೆ ಸಾಕ್ಷ್ಯ ದಾಖಲಿಸುವವರಾದರು. ಅಮೆರಿಕದಲ್ಲಿ ಸ್ವತಂತ್ರ ಕೋರ್ಟ್ ರಿಪೋರ್ಟರ್ ಎಂಬವರು ಮಾಡುವ ಕೆಲಸ ಇಲ್ಲಿ ಯಾವ ಹೆಸರೂ ಇಲ್ಲದೆ ಶುರುವಾಯಿತು.

ಹೆಸರಿಲ್ಲದ ಕೆಲಸಕ್ಕೆ ನಿಯಮವೂ ಇರಲಿಲ್ಲ. ಕಮಿಷನರ್ ಸಂಭಾವನೆಯನ್ನು ನ್ಯಾಯಾಲಯ ಗೊತ್ತುಮಾಡಬಹುದು ಎಂದು ಸಂಹಿತೆಯಲ್ಲೇ ಇದೆ; ಟೈಪಿಸ್ಟರ ಮಾತು ಅಲ್ಲಿಲ್ಲ. ಕಮಿಷನರ್ ತಮ್ಮ ಪಾಲಿನಿಂದ ಕೊಡಬೇಕೋ, ಎರಡೂ ಕಡೆಯವರು ಹಂಚಿಕೊಳ್ಳಬೇಕೋ ಎಂಬುದು ಪ್ರತಿ ಸಲ ಹೊಸ ಜಗಳ. ಎಲ್ಲಕ್ಕಿಂತ ಸ್ವಾರಸ್ಯದ್ದು ಆಕ್ಷೇಪಣೆಯ ಪ್ರಕರಣ. ಕಮಿಷನರ್ ಮುಂದೆ ಎತ್ತಿದ ಆಕ್ಷೇಪಣೆಯನ್ನು ಅವರು ದಾಖಲಿಸಿಕೊಳ್ಳಬೇಕು, ತೀರ್ಮಾನ ಮಾಡುವುದು ವಾದದ ಹಂತದಲ್ಲಿ ನ್ಯಾಯಾಲಯ. ತಡೆಯುವವರಿಲ್ಲದ ಮೇಲೆ ಕೇಳಬೇಕೆ? ಸಾಕ್ಷಿ “ಹೌದು” ಎಂಬ ಒಂದು ಮಾತು ಹೇಳುವ ಮೊದಲು ಇಬ್ಬರು ವಕೀಲರೂ ಒಂದೂವರೆ ಪುಟ ಆಕ್ಷೇಪಣೆ, ಅದಕ್ಕೆ ಪ್ರತ್ಯುತ್ತರ ಬರೆಸುತ್ತಿದ್ದರು. ದುಡ್ಡು ಕೊಡುವಾಗ, “ಅದು ಸಾಕ್ಷ್ಯ ಅಲ್ಲವಲ್ಲ, ಆ ಪುಟ ಯಾಕೆ ಲೆಕ್ಕಕ್ಕೆ ತಗೊಂಡ್ರಿ?” ಎಂದು ಗುಮಾಸ್ತರ ತಕರಾರು.

ಹೊತ್ತಿನ ಪ್ರಶ್ನೆ ಇನ್ನೂ ತೊಡಕಿನದು. ವಕೀಲರು ಕೋರ್ಟು ಮುಗಿಸಿ ಬಂದ ಮೇಲೆ ತಾನೇ ಈ ಕೆಲಸ? ಸಂಜೆ ಆರಕ್ಕೆ ಗಾಂಧಿನಗರದ ಯಾವುದೋ ಎರಡನೇ ಮಹಡಿಯ ಕಚೇರಿಯಲ್ಲಿ ಶುರುವಾಗಿ ಒಂಬತ್ತರವರೆಗೂ ಎಳೆಯುತ್ತಿತ್ತು. ಆ ವೇಳೆಗೆ ಕಸುಬಿನಲ್ಲಿ ಹೆಂಗಸರು ಬಹಳ ಮಂದಿ. “ಎಂಟೂವರೆಗೆ ಬಸ್ಸಿದೆ ಸಾರ್” ಎಂಬುದೊಂದೇ ಅವರು ಹೇಳಬಹುದಾಗಿದ್ದ ಗಡಿ. ಅದನ್ನೂ ಗಡಿಯಂತಲ್ಲ, ಕ್ಷಮೆ ಕೇಳುವಂತೆ ಹೇಳುತ್ತಿದ್ದರು.

ಮಲ್ಲೇಶ್ವರದ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಟೈಪಿಂಗ್, ಶಾರ್ಟ್‌ಹ್ಯಾಂಡ್ ಎರಡೂ ಕಲಿತು ಬಂದ ಒಬ್ಬಾಕೆ ಈ ಕಮಿಷನ್ ಕೆಲಸದಿಂದ ನಿಧಾನವಾಗಿ ಮಧ್ಯಸ್ಥಿಕೆಯ ಪ್ರಕರಣಗಳ ಕಡೆಗೆ ಹೊರಳಿದರು. 2012ರಲ್ಲಿ ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿ ಮಧ್ಯಸ್ಥಿಕೆ ಕೇಂದ್ರ ತೆರೆದಿತ್ತು. ಹೋಟೆಲು, ಕ್ಲಬ್ಬುಗಳ ಸಭಾಕೊಠಡಿಗಳಲ್ಲೂ ಕಲಾಪ ನಡೆಯುತ್ತಿತ್ತು. ಕೆಲಸದ ರೀತಿಯೇ ಬೇರೆ. ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ಕಥನರೂಪಕ್ಕೆ ತಂದು ಉಕ್ತಲೇಖನ ಕೊಡುವ ಕೋರ್ಟಿನ ಪದ್ಧತಿ ಇಲ್ಲಿಲ್ಲ. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಆಕೆ ಲ್ಯಾಪ್‌ಟಾಪಿನಲ್ಲಿ ಹೊಡೆದದ್ದು ಎದುರಿನ ಪರದೆಯ ಮೇಲೆ ಆ ಕ್ಷಣವೇ ಮೂಡುತ್ತದೆ, ಎರಡೂ ಕಡೆಯ ಎಂಟು ಕಣ್ಣು ಅದರ ಮೇಲೆ. ಒಂದು ಕಾಮಾ ತಪ್ಪಿದರೂ ಮೂರು ದನಿ ಒಟ್ಟಿಗೆ ಏಳುತ್ತವೆ. ಒಬ್ಬ ವಕೀಲರು ಪ್ರಶ್ನೆ ಬರೆಸುತ್ತಿರುವಾಗಲೇ ಇನ್ನೊಬ್ಬರು ಬಗ್ಗಿ ಪರದೆಗೆ ಬೆರಳಿಟ್ಟು, “ಅಮ್ಮಾ, ಅಲ್ಲಿ ‘ಕೇವಲ’ ಅಂದಿದ್ದು ಬಿಟ್ಟುಹೋಯ್ತು” ಎನ್ನುವುದು. ಸಾಕ್ಷಿ ಹೇಳಿಯೇ ಇಲ್ಲ ಎಂದು ಆ ಕಡೆಯವರು. ಆಕೆಯ ಬೆರಳು ಕೀಲಿಯ ಮೇಲೇ ನಿಲ್ಲುತ್ತಿತ್ತು. ಮಧ್ಯಸ್ಥಗಾರರು ಹೇಳುವ ತನಕ ಅದು ಇಳಿಯುತ್ತಿರಲಿಲ್ಲ.

ಕೊಠಡಿಯೊಳಗೆ ಆಕೆಯನ್ನು ಕಾಯಲು ಒಬ್ಬರಿದ್ದರು. ತೊಂದರೆ ಶುರುವಾಗುತ್ತಿದ್ದುದು ಮನೆಗೆ ಹೋದ ಮೇಲೆ. ಸಂಜೆ ಎರಡೂ ಕಡೆಗೆ ಕರಡು ಕಳಿಸಿದ ಮೇಲೆ ರಾತ್ರಿ ಹತ್ತಕ್ಕೆ ವಾಟ್ಸಾಪು. ಇಪ್ಪತ್ತೆರಡನೇ ಪ್ರಶ್ನೆಗೆ ಸಾಕ್ಷಿ ‘ಹೌದು’ ಅಂದಿದ್ದು ಗಾಬರಿಯಲ್ಲಿ, ‘ಇರಬಹುದು’ ಎಂದು ಮಾಡಿದರೆ ಏನು ಹೋಗುತ್ತದೆ? ಕೇಳಿದವರು ದೊಡ್ಡ ವಕೀಲರು, ವರ್ಷಕ್ಕೆ ನಾಲ್ಕಾರು ಕೆಲಸ ಕೊಡುವವರು. ಇಲ್ಲ ಎಂದರೆ ಮುಂದಿನ ಕೆಲಸ ಹೋಗಬಹುದು, ಹ್ಞೂಂ ಎಂದರೆ ಕಸುಬೇ ಹೋಗುತ್ತದೆ. “ಎದುರು ಕಡೆಯವರಿಗೂ ಒಂದು ಕಾಪಿ ಹಾಕಿ ಇದನ್ನೇ ಮೇಲ್ ಮಾಡಿ ಸಾರ್, ಮಧ್ಯಸ್ಥಗಾರರು ಹೇಳಿದ ಹಾಗೆ ಮಾಡ್ತೀನಿ” ಎಂದು ಆಕೆ ಉತ್ತರ ಕಳಿಸಿದರು. ಮೇಲ್ ಬರಲೇ ಇಲ್ಲ.

ಅದಾದ ಮೇಲೆಯೇ ಆಕೆ ತನ್ನ ಷರತ್ತುಗಳನ್ನು ಒಂದು ಹಾಳೆಯಲ್ಲಿ ಟೈಪ್ ಮಾಡಿಕೊಂಡದ್ದು. ವಿದೇಶಿ ಕಂಪನಿಯಿದ್ದ ಒಂದು ಪ್ರಕರಣದಲ್ಲಿ ಹೊರದೇಶದ ವಕೀಲರ ಬಳಿ ಇಂಥದೊಂದನ್ನು ನೋಡಿದ್ದರು. ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ಇದು ಅಧಿಕೃತ ದರಪಟ್ಟಿಯೇ: ಪ್ರತಿಲೇಖ 30 ದಿನದಲ್ಲಿ ಸಾಕೆಂದರೆ ಒಂದು ದರ, 14 ದಿನ, 7 ದಿನ, 3 ದಿನ, ಮರುದಿನ ಬೆಳಿಗ್ಗೆ, ಕಡೆಗೆ ಎರಡು ಗಂಟೆಯೊಳಗೆ ಎಂದರೆ ಒಂದೊಂದಕ್ಕೂ ಏರುತ್ತ ಹೋಗುವ ದರ. ಪುಟ ಎಂದರೆ 25 ಸಾಲು ಎಂಬುದೂ ಅಲ್ಲಿ ಮೊದಲೇ ಗೊತ್ತು. ನಿಮಿಷಕ್ಕೆ 225 ಪದದ ಪರೀಕ್ಷೆ ಪಾಸಾದವರ ಮಾತಿಗೆ ಅಲ್ಲಿ ಇರುವ ತೂಕವೇ ಬೇರೆ ಎನ್ನಿ. ಆಕೆಯ ಹಾಳೆ ಅಷ್ಟು ಉದ್ದವಿರಲಿಲ್ಲ. ಅರ್ಧ ದಿನ, ಪೂರ್ತಿ ದಿನ ಎಂದು ಎರಡೇ ದರ. ಐದೂವರೆ ದಾಟಿದರೆ ಗಂಟೆಯ ಲೆಕ್ಕ, ಏಳೂವರೆಯ ಮೇಲೆ ಇಲ್ಲ. ಕರಡು ಅದೇ ರಾತ್ರಿ, ಎರಡೂ ಕಡೆಗೆ ಒಂದೇ ಮೇಲ್‌ನಲ್ಲಿ. ತಿದ್ದುಪಡಿ ಮೂರು ದಿನದೊಳಗೆ, ಬರಹದಲ್ಲಿ. ಹಿಂದಿನ ದಿನ ತಿಳಿಸದೆ ಕಲಾಪ ಮುಂದೂಡಿದರೆ ಅರ್ಧ ದಿನದ ಸಂಭಾವನೆ.

“ಇದೇನಮ್ಮಾ, ನಮಗೇ ಆರ್ಡರ್ ಶೀಟ್ ಬರೆದುಬಿಟ್ಟಿದ್ದೀಯಲ್ಲ!” ಎಂದು ಒಬ್ಬ ಹಿರಿಯ ವಕೀಲರು ನಕ್ಕರು. ಮಧ್ಯಸ್ಥಗಾರರಾಗಿದ್ದ ನಿವೃತ್ತ ನ್ಯಾಯಮೂರ್ತಿಗಳು ನಗಲಿಲ್ಲ. ಹಾಳೆಯನ್ನು ಎರಡು ಸಲ ಓದಿ, ಮೊದಲ ದಿನದ ನಡಾವಳಿಯಲ್ಲೇ ಇದನ್ನು ಸೇರಿಸಿಬಿಡಿ ಎಂದರು. ಅದಕ್ಕೊಂದು ಕಾರಣವೂ ಇತ್ತು. ಮಧ್ಯಸ್ಥಿಕೆ ಕಾಯ್ದೆಯ 2015ರ ತಿದ್ದುಪಡಿ ತೀರ್ಪಿಗೆ 12 ತಿಂಗಳ ಗಡುವು ಹಾಕಿತ್ತು. ಟೈಪಾಗಲಿಲ್ಲ, ಟೈಪಿಸ್ಟ್ ಬರಲಿಲ್ಲ ಎಂಬ ನೆವಕ್ಕೆ ದಿನ ಕಳೆಯುವುದು ಅವರಿಗೂ ಬೇಡವಾಗಿತ್ತು.

ಕಸುಬಿನವರೆಲ್ಲ ಇದನ್ನು ಮೆಚ್ಚಿದರು ಎಂದರೆ ಸುಳ್ಳಾಗುತ್ತದೆ. “ಯಾವಾಗ ಬೇಕಾದ್ರೂ ಫೋನ್ ಮಾಡಿ ಸಾರ್” ಎನ್ನುತ್ತಿದ್ದ ಹುಡುಗನೊಬ್ಬ ಆ ವರ್ಷಗಳಲ್ಲಿ ಆಕೆಗಿಂತ ಹೆಚ್ಚು ಸಂಪಾದಿಸಿದ. ಮಾಗಡಿ ರಸ್ತೆಯ ಕಡೆ ಸೈಟನ್ನೂ ಕೊಂಡ. ಭಾನುವಾರ ಅವನ ಅಂಗಡಿಯ ಶಟರ್ ಅರ್ಧ ತೆರೆದಿರುತ್ತಿತ್ತು. ಆಕೆಯ ಹಾಳೆಯಿಂದ ಅವನಿಗೆ ಉಪಕಾರವೇ ಆಯಿತು, ಏಳೂವರೆಯ ನಂತರದ ಗಿರಾಕಿಗಳೆಲ್ಲ ಅವನ ಬಳಿ ಹೋದರು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಟೈಪ್ ಮಾಡುವುದನ್ನು ಅವನೇನೂ ದೊಡ್ಡದು ಮಾಡುತ್ತಿರಲಿಲ್ಲ.

2020 ಬಂತು. ಮಾರ್ಚ್ 15ರಿಂದ ಅನ್ವಯವಾಗುವಂತೆ ಕಾಲಮಿತಿಯನ್ನೇ ವಿಸ್ತರಿಸಿ ಸುಪ್ರೀಂ ಕೋರ್ಟ್ ಮಾರ್ಚ್ 23ರಂದು ಆದೇಶ ಹೊರಡಿಸಿತು. “ಇವತ್ತೇ ಕಡೇ ದಿನ” ಎಂಬ ಮಾತನ್ನೇ ನಂಬಿ ಬದುಕಿದ್ದ ಅಂಗಡಿಗಳಿಗೆ ಅದಕ್ಕಿಂತ ದೊಡ್ಡ ಪೆಟ್ಟಿಲ್ಲ. ಕೆಲವು ಶಟರುಗಳು ಮತ್ತೆ ಮೇಲೇಳಲೇ ಇಲ್ಲ. ಅದೇ ಏಪ್ರಿಲ್ 1ರಿಂದ ಸುಪ್ರೀಂ ಕೋರ್ಟಿನಲ್ಲಿ ಎ4 ಹಾಳೆ, ಎರಡೂ ಬದಿ ಮುದ್ರಣ, 14ರ ಅಕ್ಷರ, ಒಂದೂವರೆ ಸಾಲಿನ ಅಂತರ ಎಂಬ ನಿಯಮ ಬಂತು. ದೆಹಲಿಗೆ ಕಾಗದ ಕಳಿಸುವ ವಕೀಲರಿಗೂ ಟೈಪಿಸ್ಟರಿಗೂ ಹೊಸ ಲೆಕ್ಕಾಚಾರ: ಉದ್ದದ ಲೀಗಲ್ ಹಾಳೆಗೆ ಗೊತ್ತಾಗಿದ್ದ ದರವೇ ಇದಕ್ಕೂ? ಎರಡು ಬದಿ ಎಂದರೆ ಎರಡು ಪುಟವೇ?

ಮಧ್ಯಸ್ಥಿಕೆ ಜೂಮ್‌ಗೆ ಹೋಯಿತು. ಆಕೆ ಮನೆಯ ಊಟದ ಮೇಜಿನಿಂದ ಪರದೆ ಹಂಚಿಕೊಂಡು ಟೈಪ್ ಮಾಡಿದರು. ಬಸ್ಸಿನ ನೆಪ ಹೇಳುವಂತಿರಲಿಲ್ಲ. ಆದರೆ ಷರತ್ತು ನಡಾವಳಿಯಲ್ಲೇ ಇದ್ದುದರಿಂದ ಏಳೂವರೆಗೆ ಮಧ್ಯಸ್ಥಗಾರರೇ ಗಡಿಯಾರ ನೋಡುತ್ತಿದ್ದರು. ಸಾಕ್ಷಿಯ ದನಿ ತುಂಡಾದರೆ ಊಹಿಸಿ ಬರೆಯುವುದಿಲ್ಲ, ಮತ್ತೆ ಹೇಳಿಸಬೇಕು ಎಂಬ ಒಂದು ಸಾಲು ಹಾಳೆಗೆ ಸೇರಿದ್ದು ಆಗಲೇ.

2023ರ ಫೆಬ್ರುವರಿ 21ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಕಲಾಪವನ್ನು ಮೊದಲ ಬಾರಿಗೆ ಯಂತ್ರವೇ ಕೇಳಿಸಿಕೊಂಡು ಆಗಿಂದಾಗಲೇ ಬರಹಕ್ಕಿಳಿಸಿತು. ಬೆಂಗಳೂರಿನ ಮಧ್ಯಸ್ಥಿಕೆಗಳಿಗೂ ಅಂಥ ವ್ಯವಸ್ಥೆ ಬಂದಿದೆ. ಇಂಗ್ಲಿಷ್ ವಾದವನ್ನು ಅದು ಸುಮಾರಾಗಿ ಹಿಡಿಯುತ್ತದೆ. ಹೊಸಕೋಟೆಯ ಸರ್ವೆ ನಂಬರು, ಖರಾಬು, ಪೋಡಿ, ಕುಂಟೆ ಎಂದು ಸಾಕ್ಷಿ ಕನ್ನಡಕ್ಕೆ ಹೊರಳಿದ ಕೂಡಲೇ ಎಡವುತ್ತದೆ. ಅದನ್ನು ತಿದ್ದಿಕೊಡಲು ಒಂದು ಸಂಸ್ಥೆ ಆಕೆಯನ್ನೇ ಕೇಳಿದೆ. ಅವರು ಕೊಡುವುದು ಧ್ವನಿಮುದ್ರಣದ ಗಂಟೆಗೆ ಇಷ್ಟು ಎಂದು. ಆಕೆ ಕೇಳುತ್ತಿರುವುದು ತಾನು ಕೂತ ಗಂಟೆಗೆ ಇಷ್ಟು ಎಂದು. ಇಬ್ಬರು ಮೂವರು ಒಮ್ಮೆಗೇ ಮಾತಾಡಿದ ಒಂದು ಗಂಟೆಯ ಧ್ವನಿಯನ್ನು ಸರಿಪಡಿಸಲು ಒಂದು ಮಧ್ಯಾಹ್ನವೇ ಬೇಕು ಎಂದು ತೋರಿಸಲು ಆಕೆ ಮಾದರಿಯೊಂದನ್ನು ತಿದ್ದಿ, ಶುರುಮಾಡಿದ ಹೊತ್ತು, ಮುಗಿಸಿದ ಹೊತ್ತು ಎರಡನ್ನೂ ಮೇಲೆ ಬರೆದು ಕಳಿಸಿದ್ದಾರೆ. ಸಂಸ್ಥೆಯವರು ಹದಿನೈದು ದಿನದಲ್ಲಿ ಹೇಳುತ್ತೇವೆ ಎಂದಿದ್ದಾರೆ.