ಹುಲ್ಲಿನ ಬೆನ್ನೇರಿ ಕುದುರೆಮುಖಕ್ಕೆ

ಕಾರ್ಕಳದಿಂದ ಮಾಳ ಘಾಟಿ ಹತ್ತಿ ಎಸ್.ಕೆ. ಬಾರ್ಡರ್ ಮುಟ್ಟುವಷ್ಟರಲ್ಲಿ ಮಂಜು ರಸ್ತೆಗೇ ಇಳಿದಿತ್ತು. ಚೆಕ್‌ಪೋಸ್ಟಿನಲ್ಲಿ ಗಾಡಿಯ ನಂಬರು, ಹೊತ್ತು ಬರೆದ ಚೀಟಿ ಕೊಟ್ಟರು. ಕಾಡಿನ ನಡುವೆ ಎಲ್ಲೂ ನಿಲ್ಲಿಸುವಂತಿಲ್ಲ, ಆಚೆ ತುದಿಯ ಗೇಟಿನಲ್ಲಿ ಚೀಟಿ ತೋರಿಸಬೇಕು. 1987ರಲ್ಲಿ ಘೋಷಣೆಯಾದ, ಸುಮಾರು 600 ಚದರ ಕಿ.ಮೀ. ಹರವಿನ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೇ ಈ ರಸ್ತೆ ಹೋಗುತ್ತದೆ.

ಶಿಖರ ಹತ್ತುವವರು ಹೆಚ್ಚಾಗಿ ಕೊಟ್ಟಿಗೆಹಾರ, ಕಳಸದ ಕಡೆಯಿಂದ ರಾತ್ರಿಯ ಬಸ್ಸಿನಲ್ಲಿ ಬರುತ್ತಾರೆ. ನಾನು ಕಾರ್ಕಳದ ದಾರಿಯನ್ನು ಬೇಕೆಂದೇ ಹಿಡಿದಿದ್ದೆ. ಕುದುರೆಮುಖ ಪಟ್ಟಣವನ್ನು ನೋಡದೆ ಬೆಟ್ಟ ಹತ್ತಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಭದ್ರೆಯ ದಂಡೆಯಲ್ಲಿ ಸಾಲು ಸಾಲು ಕ್ವಾರ್ಟರ್ಸ್ ನಿಂತಿವೆ. ಹಲವಕ್ಕೆ ಬೀಗ, ಗೋಡೆಗೆ ಪಾಚಿ. 1976ರಲ್ಲಿ ಇರಾನಿಗೆ ಅದಿರು ಕಳಿಸಲೆಂದು ಇಲ್ಲಿ ಗಣಿ ಕಂಪನಿ ಹುಟ್ಟಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಆ ಒಪ್ಪಂದ ಮುರಿದುಬಿತ್ತು, ಗಣಿ ಮಾತ್ರ ನಿಲ್ಲಲಿಲ್ಲ. ಮ್ಯಾಗ್ನೆಟೈಟ್ ಅದಿರನ್ನು ಪುಡಿಮಾಡಿ, ನೀರಲ್ಲಿ ಕಲಸಿ, ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರಿಗಾಗಿ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. ಆ ಕೆಸರು ಈಗಲೂ ಅದರ ಹಿಂದೆಯೇ ಇದೆ. ಕಾಡಿನ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದವರು ಕೊಡಗಿನ ಕೆ.ಎಂ. ಚಿಣ್ಣಪ್ಪ, ನಾಗರಹೊಳೆಯಲ್ಲಿ ರೇಂಜರ್ ಆಗಿದ್ದವರು. 2002ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಕೆಲಸ ಕಳೆದುಕೊಂಡವರ ಸಂಕಟವೂ ಸುಳ್ಳಲ್ಲ. ಆ ಬೀಗ ಹಾಕಿದ ಮನೆಗಳ ಮುಂದೆ ಹಾದುಹೋಗುವಾಗ ಗೆದ್ದ ಭಾವ ಯಾರಿಗೂ ಬರಲಾರದು.

ಸಂಸೆಯ ಟೀ ತೋಟ ದಾಟಿ ಬಾಳೆಗಲ್ ಸೇರಿದೆವು. ಅಲ್ಲಿಂದ ಮುಳ್ಳೋಡಿಗೆ ಜೀಪೇ ಗತಿ. ದಾರಿ ಎನ್ನುವುದಕ್ಕಿಂತ ಮಳೆನೀರು ಕೊರೆದ ಚರಂಡಿ ಎನ್ನಬಹುದು. ನೀವು ನಡೆದೇ ಹೋಗುತ್ತೇನೆಂದರೆ ತಡೆಯುವವರಿಲ್ಲ, ಆದರೆ ಮುಂದೆ ಹೋಗಿಬರಲು ಇಪ್ಪತ್ತು ಕಿ.ಮೀ. ಆಸುಪಾಸು ನಡಿಗೆಯಿದೆ, ಕಾಲನ್ನು ಅದಕ್ಕೆ ಉಳಿಸಿಕೊಳ್ಳುವುದು ಜಾಣತನ. ಮುಳ್ಳೋಡಿಯ ಅರಣ್ಯ ಇಲಾಖೆಯ ಕಟ್ಟೆಯಲ್ಲಿ ಬ್ಯಾಗು ಬಿಚ್ಚಿಸಿ ಪ್ಲಾಸ್ಟಿಕ್ ಪೊಟ್ಟಣಗಳನ್ನು ಎಣಿಸಿ ಬರೆದುಕೊಂಡರು. ನಮ್ಮ ಜೊತೆಗೆ ಬಂದ ಗೈಡ್ ಅದೇ ಊರಿನ ಹುಡುಗ. "ಇಂಬಳಕ್ಕೆ ಎಂತ ತಂದಿದ್ದೀರಿ ಸಾರ್?" ಎಂಬುದು ಅವನ ಮೊದಲ ಪ್ರಶ್ನೆ. ಜಿಗಣೆಗೆಂದು ತಂದ ಉಪ್ಪಿನ ಪೊಟ್ಟಣ ತೋರಿಸಿದೆ. "ಮಳೆ ಬಂದ್ರೆ ಅದು ತೊಳ್ದು ಹೋಗ್ತದೆ ಮಾರಾಯ್ರೆ" ಎಂದು ತನ್ನ ಜೇಬಿನಿಂದ ಹೊಗೆಸೊಪ್ಪು ತೆಗೆದು ನನ್ನ ಕಾಲುಚೀಲಕ್ಕೆ ತಿಕ್ಕಿದ.

ಮೊದಲ ಒಂದೆರಡು ಗಂಟೆ ಕಾಡು, ತೊರೆ, ಮತ್ತೆ ಕಾಡು. ತೊರೆಗಳು ಒಂದರ ಹಿಂದೊಂದು ಬರುತ್ತವೆ. ಒಂಟಿ ಮರದ ಹತ್ತಿರ ನಿಂತರೆ ಮಾತ್ರ ಮುಂದಿನ ಬೆಟ್ಟದ ಲಕ್ಷಣ ತಿಳಿಯುತ್ತದೆ. ಅಲ್ಲಿಂದ ಮೇಲೆ ನೆರಳು ಬಹಳ ಕಡಿಮೆ. ಬೆಟ್ಟದ ಬೆನ್ನಿನುದ್ದಕ್ಕೂ ಹುಲ್ಲು, ಗಾಳಿಗೆ ಒಂದು ಕಡೆಗೇ ಬಾಗಿದ ಹುಲ್ಲು. ಎರಡು ಗುಡ್ಡ ಕೂಡುವ ಕೊರಕಲಲ್ಲಿ ಮಾತ್ರ ಕಪ್ಪುಹಸಿರಿನ ಕಾಡು ಒತ್ತಾಗಿ ತುಂಬಿಕೊಂಡಿರುತ್ತದೆ. ಅದೇ ಶೋಲಾ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಬಯಲುಸೀಮೆಯಿಂದ ಬಂದವರು ಈ ಹುಲ್ಲುಗುಡ್ಡಗಳನ್ನು ನೋಡಿ ಕಾಡು ಕಡಿದು ಬೋಳಾಗಿದೆ ಎಂದುಕೊಳ್ಳುತ್ತಾರೆ, ಗಿಡ ನೆಡಬಾರದೇ ಎಂದು ಕೇಳುವವರೂ ಇದ್ದಾರೆ. ಹಾಗಲ್ಲ. ಬೆನ್ನಿನ ಮೇಲೆ ಮಣ್ಣು ತೆಳು, ಗಾಳಿ ಜೋರು. ಮರ ನಿಲ್ಲದ ಕಡೆ ಹುಲ್ಲು ನಿಂತಿದೆ. ಕೊರಕಲಿನಲ್ಲಿ ಮಣ್ಣು ಆಳ, ತೇವ ಹೆಚ್ಚು, ಅಲ್ಲಿ ಗಿಡ್ಡ ಮರಗಳು ಪಾಚಿ ಹೊದ್ದು ಬೆಳೆಯುತ್ತವೆ. ವರ್ಷಕ್ಕೆ ಏಳು ಸಾವಿರ ಮಿ.ಮೀ.ವರೆಗೂ ಸುರಿಯುವ ಮಳೆಯನ್ನು ಹುಲ್ಲಿನ ಬೇರು ತಡೆದು ನಿಧಾನಿಸುತ್ತದೆ, ಶೋಲಾದ ತರಗೆಲೆ ಕೊಳೆತ ಮಣ್ಣು ಹಿಂಡದ ಒದ್ದೆಬಟ್ಟೆಯ ಹಾಗೆ ಅದನ್ನು ಹಿಡಿದಿಟ್ಟು ಬೇಸಿಗೆಯಲ್ಲೂ ತೊಟ್ಟಿಕ್ಕಿಸುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಇದೇ ಸಾಲಿನಲ್ಲಿ ಹುಟ್ಟುತ್ತವೆ. ಶಿವಮೊಗ್ಗ, ಭದ್ರಾವತಿಯವರು ಕುಡಿಯುವುದೂ, ಮಂಗಳೂರಿನವರು ಕುಡಿಯುವುದೂ ಈ ಸಾಲಿನ ನೀರನ್ನೇ. ಇಲ್ಲಿ ಮಣ್ಣು ಅಗೆದರೆ ಅದು ಎಲ್ಲೆಲ್ಲಿಗೆ ಹರಿದೀತು ಎಂದು ವಿವರಿಸಬೇಕಾಗಿಲ್ಲ.

ಗೈಡಿಗೆ ಈ ಪಾಠ ಬೇಕಿರಲಿಲ್ಲ. ಶೋಲಾದ ಅಂಚಿನಲ್ಲಿ ಅವನು ಮಾತು ನಿಲ್ಲಿಸಿ ಕೈ ತೋರಿಸಿದ. ಕಾಟಿಯ ಹಿಂಡೊಂದು ಎದುರು ಇಳಿಜಾರಿನಲ್ಲಿ ಮೇಯುತ್ತಿತ್ತು. ಅಷ್ಟರಲ್ಲಿ ಹಿಂದಿನ ಗುಂಪಿನವರು ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಬಂದರು. ಕಾಟಿಗಳು ತಲೆಯೆತ್ತಿ ನೋಡಿ, ಗಡಿಬಿಡಿ ಏನೂ ಇಲ್ಲದೆ ಮರಗಳೊಳಗೆ ಇಳಿದವು. ನನಗೆ ಸಿಟ್ಟು ಬಂತು. ಗೈಡ್ ಮಾತ್ರ ನಗುತ್ತ ಆ ಹುಡುಗರ ಹತ್ತಿರ ಹೋಗಿ ಏನೋ ಹೇಳಿದ, ಹಾಡು ನಿಂತಿತು. ಆನೆ ಇದೆ ಎಂದು ಹೇಳಿದನಂತೆ.

ಶಿಖರಕ್ಕೆ ಹತ್ತಿರದಲ್ಲಿ ಹಳೆಯ ಚರ್ಚೊಂದರ ಮುರುಕು ಗೋಡೆಗಳಿವೆ. ಅಷ್ಟು ಮೇಲೆ ಕಲ್ಲು ಹೊತ್ತವರ ಬೆನ್ನನ್ನು ನೆನೆದು ಬುತ್ತಿ ಬಿಚ್ಚಿದೆವು. ಅಕ್ಕಿರೊಟ್ಟಿ, ಮಾವಿನಮಿಡಿ ಉಪ್ಪಿನಕಾಯಿ. ಕೊನೆಯ ಏರು ಕಡಿದು. 1,894 ಮೀಟರ್ ಎತ್ತರದ ತುದಿ ಮುಟ್ಟಿದಾಗ ಬಿಳಿ ಮಂಜಿನ ಹೊರತು ಏನೂ ಕಾಣಲಿಲ್ಲ. ಕಾದೆವು. ಗಾಳಿ ಒಮ್ಮೆ ಪರದೆ ಸರಿಸಿತು. ಪಶ್ಚಿಮಕ್ಕೆ ಬೆಟ್ಟ ಒಮ್ಮೆಲೇ ಕಡಿದು ಬಿದ್ದಂತೆ ಇಳಿದು, ತಳದಲ್ಲಿ ಬೆಳ್ತಂಗಡಿಯ ಕಾಡು, ಅದರಾಚೆ ಬೂದುಬಣ್ಣದ ಬಯಲು. ಕುದುರೆಯ ಮುಖ ಇಲ್ಲಿ ನಿಂತವರಿಗೆ ಕಾಣುವುದಿಲ್ಲ, ಅದು ಕರಾವಳಿಯಿಂದ ನೋಡುವವರ ಪಾಲಿನದು. ಮಂಜು ಮತ್ತೆ ಮುಚ್ಚಿತು, ಗೈಡ್ ಗಡಿಯಾರ ನೋಡಿದ. ಇಲ್ಲಿ ಟೆಂಟ್ ಹಾಕುವಂತಿಲ್ಲ, ಸಂಜೆಯೊಳಗೆ ಮುಳ್ಳೋಡಿ ಸೇರಲೇಬೇಕು. ಇಳಿಯುವಾಗ ಮಂಡಿ ಮಾತಾಡಿತು, ಇಂಬಳ ಹೊಗೆಸೊಪ್ಪಿಗೂ ಬಗ್ಗಲಿಲ್ಲ.

2024ರ ಆರಂಭದಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯಷ್ಟು ಜನ ಸೇರಿದ ಚಿತ್ರಗಳು ಹರಿದಾಡಿದ ಮೇಲೆ ಅರಣ್ಯ ಇಲಾಖೆ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ತಂದು, ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿ ಹಾಕಿದೆ. ಹಲವರಿಗೆ ಇದು ಕಿರಿಕಿರಿ. ಕುದುರೆಮುಖದ ಬೆನ್ನಿನ ಮೇಲೆ ಬೂಟಿನ ತುಳಿತಕ್ಕೆ ಹುಲ್ಲು ಹೋಗಿ ಕೆಂಪು ಮಣ್ಣು ತೆರೆದುಕೊಂಡಿರುವುದನ್ನು ಕಂಡ ಮೇಲೆ ನನಗೆ 300 ಕೂಡ ಜಾಸ್ತಿ ಎನಿಸಿದೆ. ಹೋಗುವುದಾದರೆ ಶನಿವಾರ, ಭಾನುವಾರ ಬಿಟ್ಟು ಹೋಗಿ. ಮಳೆ ಮುಗಿದ ಅಕ್ಟೋಬರ್, ನವೆಂಬರ್ ಒಳ್ಳೆಯದು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಹಾದಿ ಮುಚ್ಚಿರುವುದುಂಟು, ವಿಚಾರಿಸಿಕೊಂಡು ಹೊರಡಿ. ಹಾಡು ಬೇಕಿದ್ದರೆ ಮನೆಯಲ್ಲೇ ಕೇಳಿ ಬನ್ನಿ.