ಮಾರಿದ ಮಾಲು ವಾಪಸ್ಸಿಲ್ಲ

ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ಕೊಳ್ಳುವವರನ್ನು ನೋಡಬೇಕು. ಮೂಟೆಯ ಬಾಯಿ ಬಿಚ್ಚಿಸಿ, ತಳದವರೆಗೆ ಕೈ ಇಳಿಸಿ, ಸಿಕ್ಕಿದ್ದನ್ನು ಅಮುಕಿ, ಮೂಗು ಮುರಿದ ಮೇಲೆಯೇ ದರದ ಮಾತು. ಅದೇ ಜನ ಅರವತ್ತು ಸಾವಿರದ ಲ್ಯಾಪ್‌ಟಾಪನ್ನು ಸೀಲು ಒಡೆಯದ ಡಬ್ಬದಲ್ಲೇ ಮನೆಗೆ ತಂದು, ಕುಂಕುಮ ಹಚ್ಚಿ, ಆಮೇಲೆ ಒಳಗೇನಿದೆ ಎಂದು ನೋಡುತ್ತಾರೆ. ಸೀಲು ಒಡೆದದ್ದನ್ನು ಕೊಟ್ಟರೆ ಜಗಳಕ್ಕೇ ನಿಲ್ಲುತ್ತಾರೆ.

ಯಲಹಂಕ ಉಪನಗರದ ನಮ್ಮ ಭಾವ ಮಗಳಿಗೆ ಹಾಗೆ ತಂದದ್ದು 8 ಜಿಬಿ ರ‍್ಯಾಮಿನದು. ಹುಡುಗಿ ಎಂಜಿನಿಯರಿಂಗ್ ಓದುತ್ತಾಳೆ. ಆಂಡ್ರಾಯ್ಡ್ ಸ್ಟುಡಿಯೋ ಹಾಕಿ, ಎಮ್ಯುಲೇಟರ್ ತೆರೆದದ್ದೇ ತಡ, ಯಂತ್ರ ಹೆಬ್ಬಾಳದ ಫ್ಲೈಓವರ್ ಹತ್ತಿದಂತಾಯಿತು. ಅವೆರಡನ್ನೂ ಒಟ್ಟಿಗೆ ಓಡಿಸಲು 16 ಜಿಬಿ ಬೇಕು ಎಂದು ಗೂಗಲ್ಲಿನವರೇ ಹೇಳುತ್ತಾರೆ. "ಮಾವ, ವಾಪಸ್ ಕೊಟ್ಟು ದೊಡ್ಡದು ತಗೊಳ್ಳೋಣ, ನೀವು ಬಂದು ಮಾತಾಡಿ" ಎಂದಳು. ಮಾತಾಡುವುದರಲ್ಲಿ ನನಗಿರುವ ಹೆಸರು ಮನೆಮಂದಿಗೆಲ್ಲ ಗೊತ್ತು.

ಆರ್.ಟಿ. ನಗರದ ಆ ಅಂಗಡಿಯವನು ಡಬ್ಬ ಮುಟ್ಟಲೂ ಇಲ್ಲ. "ಲಾಗಿನ್ ಆಗ್ಬಿಟ್ಟಿದೆ ಸಾರ್. ಸೀರಿಯಲ್ ನಂಬರ್ ಕಂಪನೀಲಿ ರಿಜಿಸ್ಟರ್ ಆಗಿದೆ, ವಾರಂಟಿ ಶುರುವಾಗಿದೆ. ನನ್ನ ಕೈಗೆ ಬಂದ್ರೆ ಇದು ಸೆಕೆಂಡ್ ಹ್ಯಾಂಡು. ಆನೇ ಆಗ್ತಿಲ್ಲ ಅಂದ್ರೆ ಹೇಳಿ, ಸರ್ವಿಸ್ ಸೆಂಟರಿಂದ ಡಿಓಎ ಲೆಟರ್ ತನ್ನಿ, ಬೇರೆ ಪೀಸ್ ಕೊಡ್ತೀನಿ." ಡಿಓಎ ಅಂದರೆ ಡೆಡ್ ಆನ್ ಅರೈವಲ್. ಮನೆಗೆ ಬರುವಾಗಲೇ ಸತ್ತಿತ್ತು ಎನ್ನುವುದಕ್ಕೂ ಒಂದು ಸರ್ಟಿಫಿಕೇಟು ಬೇಕು!

ಬಿಲ್ಲಿನ ಅಡಿಯಲ್ಲಿ 'ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ' ಎಂದು ಅಚ್ಚಾಗಿತ್ತು. ನಾನು ಅದರ ಮೇಲೆ ಬೆರಳಿಟ್ಟು ಕಾನೂನು ತೆಗೆದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುವುದು ಸ್ಪಷ್ಟವಾಗಿದೆ: ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಆನ್‌ಲೈನ್ ಮಾರಾಟಗಾರರಿಗೆ 2020ರ ಇ-ಕಾಮರ್ಸ್ ನಿಯಮಗಳು ಇನ್ನೂ ಬಿಗಿ. ಜಾಹೀರಾತಿನಲ್ಲಿ ಹೇಳಿದ ಗುಣ ಮಾಲಿನಲ್ಲಿ ಇಲ್ಲದಿದ್ದರೂ ವಾಪಸ್ ಪಡೆಯಲೇಬೇಕು. ಅಂಗಡಿಯವನು ಎಲ್ಲವನ್ನೂ ಸಾವಧಾನವಾಗಿ ಕೇಳಿ, "ದೋಷ ಏನಿದೆ ಸಾರ್?" ಎಂದ.

ದೋಷ ಏನೂ ಇರಲಿಲ್ಲ. ಡಬ್ಬದ ಮೇಲೆ 8 ಎಂದಿತ್ತು, ಒಳಗೂ 8 ಇತ್ತು. ಮನಸ್ಸು ಬದಲಾಯಿಸಿದ ಗಿರಾಕಿಯನ್ನು ನಮ್ಮ ಕಾಯ್ದೆ ಕಾಯುವುದಿಲ್ಲ, ಕಾಯಬೇಕೆಂದು ನನಗೂ ಅನ್ನಿಸುವುದಿಲ್ಲ. ಆ ನಷ್ಟ ಯಾರ ತಲೆಗಾದರೂ ಬರಲೇಬೇಕಲ್ಲ. ನನ್ನ ತಕರಾರು ಬಿಲ್ಲಿನ ಆ ಸಾಲಿನ ಮೇಲೆ ಮಾತ್ರ. ಕೆಟ್ಟ ಮಾಲು ಹೊತ್ತು ಬಂದವನನ್ನೂ ಅದು ಬಾಗಿಲಲ್ಲೇ ಹೆದರಿಸಿ ಕಳಿಸುತ್ತದೆ, ಅವನ ಹಕ್ಕು ಅವನಿಗೆ ಗೊತ್ತಾಗುವ ಮೊದಲೇ.

ಕೊನೆಗೆ ದಾರಿ ತೋರಿಸಿದವನು ಅಂಗಡಿಯ ರಿಪೇರಿ ಹುಡುಗ. ಮಾಡೆಲ್ ನಂಬರ್ ನೋಡಿ, "ಒಂದು ಸ್ಲಾಟ್ ಖಾಲಿ ಇದೆ ಅಂಕಲ್, ಇನ್ನೊಂದು 8 ಹಾಕ್ಸಿ" ಎಂದ. ಎಸ್.ಪಿ. ರೋಡಿನಿಂದ ಸ್ಟಿಕ್ ಬಂತು. ಅದೃಷ್ಟ ಚೆನ್ನಾಗಿತ್ತು, ಅಷ್ಟೇ. ತೆಳ್ಳಗಿನ ಎಷ್ಟೋ ಮಾಡೆಲ್‌ಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡಿಗೇ ಬೆಸೆದುಬಿಟ್ಟಿರುತ್ತಾರೆ; ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ನಾಲ್ಕು ವರ್ಷದ ಓದಿಗೆಂದು ಕೊಳ್ಳುವ ಯಂತ್ರ ಅಷ್ಟು ತೆಳ್ಳಗಿರಬೇಕೆಂದು ಕೇಳಿದವರು ಯಾರೋ ಕಾಣೆ.

ಈ ಸಲ ಅಡ್ಮಿಷನ್ ಹೊತ್ತಿಗೆ ಲ್ಯಾಪ್‌ಟಾಪ್ ತರಲು ಹೊರಟವರು ಕೌಂಟರಿನಲ್ಲಿ ಇಷ್ಟು ಕೇಳಿ: ರ‍್ಯಾಮ್ ಬೆಸೆದದ್ದೋ, ಸ್ಲಾಟಿನದೋ? ಎಸ್‌ಎಸ್‌ಡಿ ಬದಲಾಯಿಸಬಹುದೋ? ನಾವೇ ಮುಚ್ಚಳ ಬಿಚ್ಚಿಸಿದರೆ ವಾರಂಟಿ ಉಳಿಯುತ್ತದೋ? ಡಬ್ಬವನ್ನು ಅಲ್ಲೇ ಒಡೆಸಿ, ಆನ್ ಮಾಡಿಸಿ, ಜಿಎಸ್‌ಟಿ ಬಿಲ್ಲು ತಗೊಳ್ಳಿ. ನಿಜವಾಗಿಯೂ ಕೆಟ್ಟ ಪೀಸ್ ಬಂದು, ಅಂಗಡಿಯವನು ಬಿಲ್ಲಿನ ಅಡಿಯ ಸಾಲು ತೋರಿಸಿದರೆ, ಅಲ್ಲಿಂದಲೇ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ; ಕನ್ನಡದಲ್ಲೂ ದೂರು ಹೇಳಬಹುದು.