ನಮ್ಮ ಭಾನುವಾರಗಳು

ಮಗಳು ಗಂಡನ ಮನೆ ಸೇರಿ, ಅದೇ ವರ್ಷ ನಮ್ಮವರೂ ನಿವೃತ್ತರಾದ ಮೇಲೆ ಮನೆಯಲ್ಲಿ ಮಾತೇ ನಿಂತುಹೋಗಿತ್ತು. “ಕಾಫಿ ತರಲೇನ್ರೀ?” “ಹೂಂ.” ಅಷ್ಟೆ. ಎದುರುಬದುರು ಕೂತರೆ ಪೇಪರಿನ ಹಿಂದೆ ಅಡಗುವ ಗಂಡಸರು ಪಕ್ಕದಲ್ಲಿ ನಡೆಯುವಾಗ ಬಾಯಿಬಿಡುತ್ತಾರೆಂದು ನನಗೆ ತಿಳಿದದ್ದು, ಬೆಂಗಳೂರಿನಲ್ಲೇ ಇದ್ದೂ ವರ್ಷಗಟ್ಟಲೆ ನೋಡದಿದ್ದ ಲಾಲ್‌ಬಾಗಿನಲ್ಲಿ. ಈಗ ಭಾನುವಾರ ಬೆಳಿಗ್ಗೆ ನಮ್ಮನೆಯಲ್ಲಿ ಒಲೆ ಹಚ್ಚುವುದಿಲ್ಲ!

ಆಗಸ್ಟಿನ ಫಲಪುಷ್ಪ ಪ್ರದರ್ಶನಕ್ಕೂ ಹೋದೆವು. ಗಾಜಿನ ಮನೆ ಸೊಗಸು ನಿಜ. ಆದರೆ ಆ ನೂಕುನುಗ್ಗಲಿನಲ್ಲಿ ನಾನು ಹೂವಿಗಿಂತ ಜನರ ಬೆನ್ನು ನೋಡಿದ್ದೇ ಹೆಚ್ಚು. ನನಗೆ ಕೆಂಪೇಗೌಡರ ಗೋಪುರದ ಬಂಡೆಯೇ ಇಷ್ಟ. “ಇದಕ್ಕೆ ಸುಮಾರು 300 ಕೋಟಿ ವರ್ಷವಂತೆ ಕಣೇ. ನಮ್ಮ 34 ವರ್ಷದ ಸಂಸಾರ ಯಾವ ಲೆಕ್ಕ!” ಎಂದು ಇವರು ಎಷ್ಟೋ ದಿನಕ್ಕೆ ನಕ್ಕಿದ್ದು ಅಲ್ಲೇ.

ಅಲ್ಲಿಂದ ಗಾಂಧಿಬಜಾರು. 1943ರಿಂದ ಇರುವ ವಿದ್ಯಾರ್ಥಿ ಭವನದಲ್ಲಿ ಕಾದು ಕೂತು ಮಸಾಲೆದೋಸೆ. ಮಾಣಿ ಒಂದೇ ತೋಳಿನ ಮೇಲೆ ತಟ್ಟೆಗಳ ಸಾಲು ಹೊತ್ತು ತರುವುದನ್ನು ನೋಡುವುದೇ ಚಂದ.

ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತೀಕದ ಕಡೇ ಸೋಮವಾರ. ನಾವು ಹಿಂದಿನ ದಿನವೇ ಹೋಗಿದ್ದೆವು. ಕಾಯಿ ರಾಶಿಗಳ ನಡುವೆ ಇವರು ಮೆಲ್ಲಗೆ, “ರಿಟೈರಾದ ಮೇಲೆ ಯಾರಿಗೂ ಬೇಡದವನಾದೆ ಅನ್ನಿಸ್ತಿತ್ತು ಕಣೇ” ಅಂದರು. ನಾನೇನೂ ಹೇಳಲಿಲ್ಲ. ಬೇಯಿಸಿದ ಕಾಯಿ ಸುಲಿದು ಕೈಗಿಟ್ಟೆ. ಬರುವಾಗ ಎರಡು ಸೇರು ಹಸಿಕಾಯಿ ತಂದೆವು. ಮರುದಿನ ಬೇಯಿಸಲು ಹೊರಟರೆ, ಜೊಳ್ಳು ಆರಿಸಲು ಇವರೇ ಮೊರ ಹಿಡಿದು ಕೂತಿದ್ದರು.